ವಾರ್ಡನ್ ಸಂಬಳವನ್ನು ಯಾರು ಕೊಡಬೇಕು?

ಇಪ್ಪತ್ತೊಂದು ವರ್ಷ ಬೆಂಗಳೂರಿನ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿದ್ದೆ. ಆಗ ನಾನು ಕೊಡುವವರ ಸಾಲಿನವನು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಗಳಿಗೆ, ಅಂದರೆ ಸಿಎಸ್‌ಆರ್‌ಗೆ ತೆಗೆದಿಡುವ ಲೆಕ್ಕ ನನ್ನ ಮೇಜಿಗೇ ಬರುತ್ತಿತ್ತು. ಯಾವ ಸಂಸ್ಥೆಯ ಮನವಿ ಬಂದರೂ ‘ಆಡಳಿತ ವೆಚ್ಚ’ ಎಂಬ ಸಾಲನ್ನು ಹುಡುಕಿ ಹೊಡೆದುಹಾಕುತ್ತಿದ್ದೆ.

ಕೆಲಸ ಬಿಟ್ಟು, ಹಳ್ಳಿಯ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ನಡೆಸುವ ಟ್ರಸ್ಟ್ ಸೇರಿದ ಮೇಲೆ ಆ ಗೆರೆ ಎಲ್ಲಿ ಹೋಗಿ ತಾಗುತ್ತದೆ ಎಂದು ಕಂಡೆ. ಮಂಚಕ್ಕೆ ಹಣವಿತ್ತು, ಕಂಪ್ಯೂಟರಿಗೂ ಇತ್ತು. ನಡುರಾತ್ರಿ ಜ್ವರ ಬಂದ ಹುಡುಗಿಯನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದ ವಾರ್ಡನ್‌ಗೆ ಎರಡು ತಿಂಗಳಿಂದ ಸಂಬಳವಾಗಿರಲಿಲ್ಲ.

ದೇಣಿಗೆ ಕೇಳಲು ಮೊದಮೊದಲು ನಾಲಿಗೆಯೇ ಏಳುತ್ತಿರಲಿಲ್ಲ. ನನಗೆ ಬರುತ್ತಿದ್ದುದು ಲೆಕ್ಕವೊಂದೇ, ಅದನ್ನೇ ಹಿಡಿದೆ. ಅಕ್ಕಿ, ಹಾಲು, ವಿದ್ಯುತ್, ವಾರ್ಡನ್ ಮತ್ತು ಅಡುಗೆಯವರ ಸಂಬಳ, ಲೆಕ್ಕಪರಿಶೋಧಕರ ಶುಲ್ಕ ಎಲ್ಲವನ್ನೂ ಕೂಡಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ‘ಒಂದು ಮಗುವಿನ ಒಂದು ವರ್ಷ’ ಎಂದು ಒಂದೇ ಹಾಳೆಯಲ್ಲಿ ಬರೆದೆ. ಯಾವುದನ್ನೂ ಮುಚ್ಚಿಡಲಿಲ್ಲ.

ಕಂಪನಿಯೊಂದರ ಅಧಿಕಾರಿ ಹಾಳೆ ನೋಡಿ, “ಸರ್, ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆಯಲ್ಲ?” ಎಂದರು. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಇರುವ ಮಿತಿ, ಯೋಜನೆ ನಡೆಸುವ ಸಂಸ್ಥೆಯ ಖರ್ಚಿಗೆ ಅಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರಡಿಸಿದ ಸ್ಪಷ್ಟೀಕರಣವನ್ನು ಅವರ ಮುಂದಿಟ್ಟೆ. ಎರಡು ಸಲ ಓದಿದರು. ಆ ವರ್ಷ ವಾರ್ಡನ್ ಸಂಬಳ ಯೋಜನಾ ವೆಚ್ಚದಲ್ಲೇ ಸೇರಿತು. ಇಷ್ಟು ವರ್ಷ ನಾನೇ ತಪ್ಪಾಗಿ ಓದಿ ಎಷ್ಟು ಮನವಿಗಳಿಗೆ ಕತ್ತರಿ ಹಾಕಿದ್ದೆನೋ ಎಂಬ ಸಂಕಟ ಇಂದಿಗೂ ಇದೆ.

ದೊಡ್ಡ ಚೆಕ್ಕಿಗಿಂತ ಸಣ್ಣ ರಶೀದಿಗೆ ಹೆಚ್ಚು ಜೋಪಾನ ಬೇಕು. ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೂ, ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ನಾವು ಸಲ್ಲಿಸುವ ದಾನಿಗಳ ವಿವರದಲ್ಲಿ ಅವರ ದಾಖಲೆ ತಪ್ಪಾಗುತ್ತದೆ. ಅವರಿಗೆ ಸಿಗಬೇಕಾದ ತೆರಿಗೆ ವಿನಾಯಿತಿಗೆ ತೊಡಕಾಗುತ್ತದೆ. ಹಾಗಾಗಿ ಪ್ರತಿ ರಶೀದಿಯನ್ನೂ ನಾನೇ ಇನ್ನೊಮ್ಮೆ ನೋಡುತ್ತೇನೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಐದು ಸಾವಿರ ರೂಪಾಯಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದರು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕ್ ಮೂಲಕ ಕೊಡಿ ಎಂದೆ.

“ತೆರಿಗೆ ಕಟ್ಟುವಷ್ಟು ಪಿಂಚಣಿ ನನಗೆಲ್ಲಿದೆಯಪ್ಪಾ? ರಶೀದಿಯಲ್ಲಿ ನಮ್ಮ ತಾಯಿಯ ಹೆಸರು ಬಂದರೆ ಸಾಕು” ಎಂದರು.

ರಶೀದಿಯನ್ನು ಅವರ ಹೆಸರಿಗೆ ಬರೆದು, ಕೆಳಗೆ ‘ತಾಯಿಯ ಸ್ಮರಣಾರ್ಥ’ ಎಂದು ಆಕೆಯ ಹೆಸರು ಸೇರಿಸಿದೆ. ಜೊತೆಗೆ ‘ಒಂದು ಮಗುವಿನ ಒಂದು ವರ್ಷ’ದ ಹಾಳೆಯನ್ನೂ ಕೊಟ್ಟೆ. ಕನ್ನಡಕ ಏರಿಸಿಕೊಂಡು ಅಲ್ಲೇ ಕುಳಿತು ಸಾಲು ಸಾಲಾಗಿ ಓದಿದರು.

ಈಗಲೂ ಆಗಾಗ ಫೋನ್ ಮಾಡುತ್ತಾರೆ. ಮೊದಲು ಕೇಳುವುದು, “ಆ ವಾರ್ಡನ್ ಅಮ್ಮನಿಗೆ ಈ ತಿಂಗಳ ಸಂಬಳ ಆಯಿತೇ?”