ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳೊಂದಿಗೆ: ಬೋಟ್ ಹತ್ತಿ ಇಳಿಯುವ ಕ್ರಮ

ಮೊದಲು ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಮಲ್ಪೆಯಿಂದ ದ್ವೀಪಕ್ಕೆ ಬೋಟ್ ಇರುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಭಾನುವಾರ ಬೇಡವೇ ಬೇಡ. ಗದ್ದಲವಿಲ್ಲದ ದ್ವೀಪ ನೋಡಬೇಕಿದ್ದರೆ ವಾರದ ನಡುವೆ ಹೋಗಿ.

ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ ಸಾಕು. ಬೆಳಗಿನ ಮೊದಲ ಬೋಟನ್ನೇ ಹಿಡಿಯಿರಿ. ಹೊತ್ತೇರಿದಂತೆ ಗಾಳಿ ಜೋರಾಗಿ ಬೋಟ್ ಹೆಚ್ಚು ಓಲಾಡುತ್ತದೆ.

ಹೊರಡುವ ಒಂದು ಗಂಟೆ ಮೊದಲು ಎರಡೆರಡು ಇಡ್ಲಿ ತಿನ್ನಿ. ಖಾಲಿ ಹೊಟ್ಟೆಯೂ ತೊಳಸುತ್ತದೆ, ಎಣ್ಣೆಯಲ್ಲಿ ಕರಿದ ಬನ್ಸ್, ಗೋಳಿಬಜೆ ತುಂಬಿದ ಹೊಟ್ಟೆಯೂ ತೊಳಸುತ್ತದೆ. ವಾಂತಿಯ ಮಾತ್ರೆಯನ್ನು ಬೋಟ್ ಹತ್ತಿದ ಮೇಲೆ ನುಂಗಿದರೆ ತಡವಾಯಿತೆಂದೇ ಲೆಕ್ಕ. ಅರ್ಧ-ಮುಕ್ಕಾಲು ಗಂಟೆ ಮುಂಚೆ ಬೇಕು. ಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ ಕೊಡಿ.

ಇನ್ನು ಲೈಫ್ ಜಾಕೆಟ್. ಬಕಲ್ ಹಾಕಿ, ಪಟ್ಟಿ ಬಿಗಿದು, ಮಗುವಿನ ಜಾಕೆಟ್ಟನ್ನು ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆಳೆಯಿರಿ. ಅದು ಗಲ್ಲ, ಕಿವಿಯವರೆಗೆ ಏರಿದರೆ ಅಳತೆ ದೊಡ್ಡದು, ನೀರಿಗೆ ಬಿದ್ದರೆ ಕಳಚಿ ಹೋಗುತ್ತದೆ. ಬೇರೆಯದು ಕೇಳಿ, ಸಂಕೋಚ ಬೇಡ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳು ಆಟಿಕೆ, ಅವನ್ನು ನಂಬಬೇಡಿ.

ಜನ ಎಡವುವುದು ಹತ್ತುವಾಗ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಚೀಲ, ಕಂಕುಳಲ್ಲಿ ಮಗು! ಚೀಲ ಬೆನ್ನಿಗೆ, ಫೋನ್ ಅದರೊಳಗೆ. ದೊಡ್ಡವರೊಬ್ಬರು ಮೊದಲು ಒಳಗಿಳಿದು ನಿಲ್ಲಬೇಕು, ಮಕ್ಕಳು ಒಬ್ಬೊಬ್ಬರಾಗಿ ನಡುವೆ, ಉಳಿದವರು ಕೊನೆಗೆ. ಬೋಟ್ ತೆರೆಯೊಂದಿಗೆ ಏಳುತ್ತದೆ, ಇಳಿಯುತ್ತದೆ. ಒಂದೆರಡು ತೆರೆ ಸುಮ್ಮನೆ ನೋಡಿ, ಬೋಟ್ ಮೇಲೆದ್ದು ಕ್ಷಣ ನಿಂತಾಗ ಕಾಲಿಡಿ. ಇಳಿಯುತ್ತಿರುವಾಗ ಇಟ್ಟರೆ ಕಾಲ ಕೆಳಗೆ ನೆಲವೇ ಇರದು. ನೆಗೆಯಬಾರದು. ಬೋಟಿನವರ ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ಬೋಟ್ ಮತ್ತು ಧಕ್ಕೆಯ (ಬೋಟ್ ನಿಲ್ಲುವ ಕಟ್ಟೆ) ನಡುವೆ ಕೈಕಾಲು ಎಂದಿಗೂ ಬೇಡ. ನಡುಭಾಗದಲ್ಲಿ ಕುಳಿತು ದಿಗಂತ ನೋಡುತ್ತಿದ್ದರೆ ಹೊಟ್ಟೆ ತೊಳಸುವುದು ಕಡಿಮೆ. ದಡ ಕಂಡ ಕೂಡಲೇ ಎಲ್ಲರೂ ಎದ್ದು ಒಂದೇ ಬದಿಗೆ ನುಗ್ಗಿದರೆ ಬೋಟ್ ವಾಲುತ್ತದೆ. ಹಗ್ಗ ಬಿಗಿಯುವವರೆಗೆ ಕುಳಿತೇ ಇರಿ.

ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ತಣ್ಣಗಾಗಿ ಕುಗ್ಗುವಾಗ ಬಿರುಕುಬಿಟ್ಟು ಆರು ಮೂಲೆ, ಐದು ಮೂಲೆಯ ಕಂಬಗಳಾದವು. ಒಣಗಿದ ಕಲ್ಲು ಹತ್ತಬಹುದು. ಒದ್ದೆಯಾಗಿ ಕಪ್ಪಾಗಿ ಹೊಳೆಯುವುದನ್ನು ಮುಟ್ಟಬೇಡಿ: ಪಾಚಿಯಿರುತ್ತದೆ, ಒದ್ದೆಯಾಗಿದೆಯೆಂದರೆ ತೆರೆ ಅಲ್ಲಿಯವರೆಗೆ ಬರುತ್ತದೆಂದೂ ಅರ್ಥ. ಸೆಲ್ಫಿಗಾಗಿ ಕಡಲಿಗೆ ಬೆನ್ನು ಹಾಕಿ ನಿಲ್ಲುವುದು ಅಪಾಯ. ಹವಾಯಿ ಚಪ್ಪಲಿ ಇಲ್ಲಿ ದಂಡ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಬೇಕು.

ತಲೆಗೊಂದು ಲೀಟರ್ ನೀರು, ಟೋಪಿ, ಒಂದು ಜೊತೆ ಒಣ ಬಟ್ಟೆ. ಕಸ ತುಂಬಲು ಖಾಲಿ ಚೀಲವೂ ಇರಲಿ.

ಇಳಿದ ಕೂಡಲೇ ವಾಪಸು ಹೋಗುವ ಕೊನೆಯ ಬೋಟ್ ಎಷ್ಟು ಹೊತ್ತಿಗೆಂದು ಕೇಳಿ, ಅದಕ್ಕಿಂತ ಹಿಂದಿನದರಲ್ಲೇ ಹೊರಡಿ. ಕೊನೆಯದರಲ್ಲಿ ನೂಕುನುಗ್ಗಲು, ಮಕ್ಕಳು ಸುಸ್ತಾಗಿರುತ್ತಾರೆ, ಕಾಲು ಒದ್ದೆಯಾಗಿರುತ್ತದೆ, ಹತ್ತುವ ಕೆಲಸ ಬೆಳಗಿಗಿಂತ ಕಷ್ಟ.