ಸಮುದ್ರ ನೋಡದವರಿಗೆ ಸಮುದ್ರ ತೋರಿಸಲು ಹೋಗಿದ್ದೆ

ಅಚ್ಚು ತೆಗೆಯುವ ಟ್ರೇ ನನ್ನ ಕೈಯಲ್ಲಿ ಕಂಡರೆ ಸಾಕು, ಆ ಯಜಮಾನರಿಗೆ ಓಕರಿಕೆ ಶುರುವಾಗುತ್ತಿತ್ತು. ಬಾಯಿಗೆ ಇನ್ನೂ ಇಟ್ಟೇ ಇರುತ್ತಿರಲಿಲ್ಲ. ಎಪ್ಪತ್ತು ದಾಟಿದ ಜೀವ. ಮೇಲಿನ ಹಲ್ಲು ಒಂದೂ ಉಳಿದಿಲ್ಲ. ಹಲ್ಲಿನ ಸೆಟ್ಟು ಮಾಡಿಸಬೇಕೆಂದರೆ ಅಚ್ಚು ಬೇಕೇ ಬೇಕು. ಆಲ್ಜಿನೇಟ್ ಎಂಬ ಅಚ್ಚಿನ ಪುಡಿಯನ್ನು ನೀರಿನಲ್ಲಿ ಕಲಸಿ ಟ್ರೇಗೆ ತುಂಬಿ, ಅಂಗುಳಕ್ಕೆ ಒತ್ತಿ ಹಿಡಿದರೆ ಗಟ್ಟಿಯಾಗಲು ಒಂದೆರಡು ನಿಮಿಷ ಅಷ್ಟೇ. ಆ ಎರಡು ನಿಮಿಷ ತಡೆದುಕೊಳ್ಳುವುದು ಎರಡು ವರ್ಷದಿಂದ ಅವರಿಗೆ ಆಗಿರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾರೆ ಎಂದು ಜೊತೆಗೆ ಬಂದ ಸೊಸೆ ಹೇಳಿದಳು.

ಅಂಗುಳದ ಹಿಂಭಾಗ ಮುಟ್ಟಿದರೆ ಓಕರಿಕೆ ಬರುವುದು ಸಹಜ. ಅದು ಗಂಟಲಿನ ಕಾವಲು. ಆದರೆ ಮುಟ್ಟುವ ಮೊದಲೇ ಬಂತು ಅಂದರೆ ಅದರಲ್ಲಿ ಭಯದ ಪಾಲು ಜಾಸ್ತಿ. ದಾವಣಗೆರೆಯಲ್ಲಿ ಹಲ್ಲಿನ ವೈದ್ಯೆಯಾಗಿ ಇಂಥವರನ್ನು ನೋಡಿ ನೋಡಿಯೇ ನಾನು ಹಿಪ್ನಾಟಿಸಂ ಕಲಿತೆ.

ಆ ಹೆಸರು ಹೇಳಿದ ತಕ್ಷಣ ಸೊಸೆ ಗಾಬರಿಯಾದಳು. "ವಶೀಕರಣನಾ ಮೇಡಂ? ಮಾವನೋರಿಗೆ ಎಚ್ಚರನೇ ಆಗ್ಲಿಲ್ಲ ಅಂದ್ರೆ?"

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೂ ಬೇಕು. ಉತ್ತರ ಹೇಳುವ ಮೊದಲು ನಾನು ಒಂದು ಗೇಣು ದಾರ ಕೊಡುತ್ತೇನೆ. ತುದಿಗೆ ಬೀಗದ ಕೈ ಕಟ್ಟಿರುತ್ತೇನೆ. ಮೊಣಕೈಯನ್ನು ಮೇಜಿಗೆ ಊರಿ, ಎರಡು ಬೆರಳಲ್ಲಿ ದಾರ ಹಿಡಿಯಬೇಕು. ಕೈ ಅಲ್ಲಾಡಿಸಬಾರದು. ಬೀಗದ ಕೈ ಗುಂಡಗೆ ಸುತ್ತುತ್ತಿದೆ ಎಂದು ಮನಸ್ಸಿನಲ್ಲಿ ಸುಮ್ನೆ ನೋಡುತ್ತಿರಬೇಕು. ಸ್ವಲ್ಪ ಹೊತ್ತಿಗೆ ಅದು ನಿಜಕ್ಕೂ ಸುತ್ತತೊಡಗುತ್ತದೆ. ಸೊಸೆಯ ಕೈಯಲ್ಲೂ ಸುತ್ತಿತು. "ಅಯ್ಯೋ, ನಾನು ಆಡಿಸ್ತಿಲ್ಲ!" ಅಂದಳು. ಆಡಿಸಿದ್ದು ಅವಳ ಬೆರಳೇ. ಮನಸ್ಸಿನಲ್ಲಿ ಚಿತ್ರ ಮೂಡಿದರೆ ಸ್ನಾಯುಗಳು ನಮಗೇ ತಿಳಿಯದಷ್ಟು ಸಣ್ಣಗೆ ಮಿಸುಕುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1833ರಲ್ಲೇ ಇದನ್ನು ವಿವರಿಸಿದ್ದರು. ನಾನು ದಾರ ಮುಟ್ಟಿಯೇ ಇರಲಿಲ್ಲ, ಮಾತು ಮಾತ್ರ ನನ್ನದು. ಹಿಪ್ನಾಟಿಸಂನಲ್ಲೂ ಹೀಗೇ ಎಂದು ಅವಳಿಗೆ ಹೇಳಿದೆ. ಮಾವನವರು ನಿದ್ದೆ ಹೋಗುವುದಿಲ್ಲ, ನನ್ನ ಮಾತು ಕೇಳಿಸುತ್ತಿರುತ್ತದೆ, ಎಡಗೈ ಎತ್ತಿದರೆ ಆ ಕ್ಷಣವೇ ನಿಲ್ಲಿಸುತ್ತೇನೆ.

ಮೊದಲ ಸಲ ನಾನು ಎಡವಿದೆ. ಕಲಿಯುವಾಗ ನಮಗೆ ಇಂಗ್ಲಿಷಿನಲ್ಲಿ ಬರೆದ ಮಾತುಗಳ ಹಾಳೆ ಕೊಟ್ಟಿದ್ದರು. ಅದನ್ನೇ ಕನ್ನಡಕ್ಕೆ ತಿರುಗಿಸಿಕೊಂಡು ಓದಿದಂತೆ ಹೇಳಿದೆ. ನೀವು ಸಮುದ್ರದ ದಡದಲ್ಲಿದ್ದೀರಿ, ಮರಳು ಬೆಚ್ಚಗಿದೆ, ಅಲೆಗಳ ಸದ್ದು ಕೇಳುತ್ತಿದೆ. ಯಜಮಾನರು ಮರ್ಯಾದೆಗೆ ಕಣ್ಣು ಮುಚ್ಚಿಕೊಂಡೇ ಇದ್ದರು. ಆದರೆ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದಿತ್ತು. ಹತ್ತು ನಿಮಿಷದ ಮೇಲೆ ಮೆಲ್ಲಗೆ, "ಡಾಕ್ಟ್ರಮ್ಮಾ, ನಾನು ಸಮುದ್ರನೇ ನೋಡಿಲ್ಲವ್ವ" ಅಂದರು.

ಅವತ್ತು ಟ್ರೇ ಮುಟ್ಟಲಿಲ್ಲ. ಕಾಫಿ ತರಿಸಿ ಮಾತಿಗೆ ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಅವರು ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ನೂಲು ತೆಗೆಯುವ ಖಾತೆಯಲ್ಲಿದ್ದವರು. ಅಷ್ಟು ಗದ್ದಲದಲ್ಲಿ ಹೇಗೆ ಇರುತ್ತಿದ್ದಿರಿ ಎಂದು ಕೇಳಿದೆ. "ಮೊದ್ಲು ಒಂದು ವಾರ ತಲೆ ಒಡ್ಕೊಳ್ಳೋ ಹಂಗಾಗ್ತಿತ್ರೀ. ಆಮೇಲೆ ಸೈಡಿಗೆ ನಿಂತು ಎಳೆ ನೋಡ್ತಾ ಇದ್ರೆ ಗದ್ದಲನೇ ಕೇಳ್ತಿರ್ಲಿಲ್ಲ. ಎಲ್ಲಿ ತುಂಡಾತು ಅನ್ನೋದೊಂದೇ ಕಾಣೋದು." ಸೈಡು ಅಂದರೆ ಅವರು ನೋಡಿಕೊಳ್ಳುತ್ತಿದ್ದ ನೂಲುವ ಯಂತ್ರದ ಒಂದು ಬದಿ. ಹೇಳುತ್ತಾ ಹೇಳುತ್ತಾ ಹೆಬ್ಬೆರಳು, ತೋರುಬೆರಳು ಎಳೆ ಜೋಡಿಸುವಂತೆ ತಾವಾಗಿ ಹೊಸೆಯುತ್ತಿದ್ದವು.

ನನಗೆ ಮೈ ಜುಮ್ ಎಂದಿತು. ನಾನು ಕಲಿಸಲು ಹೊರಟಿದ್ದನ್ನು ಈ ಮನುಷ್ಯ ವರ್ಷಗಟ್ಟಲೆ ದಿನವೂ ಮಾಡಿದ್ದರು. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದ ಜೇಮ್ಸ್ ಬ್ರೇಡ್ ಮ್ಯಾಂಚೆಸ್ಟರ್‌ನ ಶಸ್ತ್ರವೈದ್ಯರು. 1841ರಲ್ಲಿ ಅಲ್ಲೊಂದು ಪ್ರದರ್ಶನ ನೋಡಿ ಇದರ ಬೆನ್ನು ಹತ್ತಿದರು. ಗ್ರೀಕರ ನಿದ್ದೆಯ ದೇವರು ಹಿಪ್ನೋಸ್‌ನಿಂದ ಬಂದ ಆ ಹೆಸರು ಆಮೇಲೆ ಅವರಿಗೇ ಸರಿ ಕಾಣಲಿಲ್ಲ. ಇದು ನಿದ್ದೆಯಲ್ಲ, ಒಂದೇ ವಿಚಾರದಲ್ಲಿ ಮನಸ್ಸು ನೆಡುವುದು ಎಂದು 'ಮೊನೊಐಡಿಯಿಸಂ' ಎಂಬ ಹೆಸರು ಕೊಡಲು ನೋಡಿದರು, ಜನ ಹಳೆಯದನ್ನೇ ಹಿಡಿದುಕೊಂಡರು. ಬ್ರೇಡ್ ಇದ್ದ ಮ್ಯಾಂಚೆಸ್ಟರ್ ಹತ್ತಿ ಮಿಲ್ಲುಗಳ ಊರು. ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ವಾ!

ಮುಂದಿನ ವಾರ ಹಾಳೆ ಇಲ್ಲ. ಗೋಡೆಯ ಮೇಲಿನ ಒಂದು ಚುಕ್ಕಿ ನೋಡಲು ಹೇಳಿದೆ. ಕಣ್ಣು ಭಾರವಾಗಿ ತಾನಾಗಿ ಮುಚ್ಚಿತು. "ನೀವೀಗ ನಿಮ್ಮ ಸೈಡಿಗೆ ಬಂದಿದ್ದೀರಿ. ಮಿಷಿನು ಓಡ್ತಾ ಇದೆ. ಎಳೆ ನೋಡ್ತಾ ಇದ್ದೀರಿ." ನನ್ನ ಮಾತನ್ನು ಅವರ ಉಸಿರಿನ ಜೊತೆ ಇಳಿಸುತ್ತಾ ಹೋದೆ. ಉಸಿರು ನಿಧಾನವಾಯಿತು, ದವಡೆ ಸಡಿಲವಾಯಿತು. ಬೆರಳು ಹೊಸೆಯತೊಡಗಿದವು. "ಗದ್ದಲ ದೂರ ಹೋಗ್ತಿದೆ. ಬಾಯಲ್ಲಿ ಏನೇ ಮುಟ್ಟಿದರೂ ಅದು ಆ ಗದ್ದಲದ ಜೊತೆಗೆ ದೂರ ಹೋಗುತ್ತೆ. ಮೂಗಿನಲ್ಲಿ ಉಸಿರಾಡ್ತಾ ಎಳೆ ನೋಡ್ತಿರಿ." ಅವತ್ತು ಬರೀ ಖಾಲಿ ಟ್ರೇ ಇಟ್ಟು ತೆಗೆದೆ. ಒಂದು ಸಲ ಗಂಟಲು ಎಳೆದಂತಾಯಿತು, ಆದರೆ ಕೈ ಎತ್ತಲಿಲ್ಲ. ಐದರವರೆಗೆ ಎಣಿಸಿ ಕಣ್ಣು ಬಿಡಿಸಿದೆ. ಬೆರಳು ಹೊಸೆದುಕೊಂಡು ಮನೆಯಲ್ಲಿ ದಿನವೂ ಹತ್ತು ನಿಮಿಷ ತಾವೇ ಹೀಗೆ ಕೂರಲು ಹೇಳಿ ಕಳಿಸಿದೆ. ಮೂರನೇ ಭೇಟಿಯಲ್ಲಿ ಅಚ್ಚು ಬಂತು.

ಟ್ರೇ ಮುಟ್ಟಿದ್ದು ಅವರಿಗೆ ಗೊತ್ತಾಗುತ್ತಿತ್ತು. ಅದರ ಕಾಟ ಮಾತ್ರ ತಗ್ಗಿತ್ತು. ನೋವಿನಲ್ಲೂ ಹೀಗೆ ಅರಿವು, ಕಾಟ ಎರಡೂ ಬೇರೆಬೇರೆಯಾಗಬಲ್ಲವು. 1997ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಕೈಯನ್ನು ಬಿಸಿನೀರಿನಲ್ಲಿ ಇಡಿಸಿ, ನೋವಿನ ಸಂಕಟ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಹಿಪ್ನಾಟಿಸಂನಲ್ಲಿ ಸೂಚನೆ ಕೊಟ್ಟರು. ಮೆದುಳಿನ ಚಿತ್ರದಲ್ಲಿ, ನೋವು ಎಷ್ಟು ಕಾಡುತ್ತದೆ ಎಂಬುದಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ಸೂಚನೆಗೆ ತಕ್ಕಂತೆ ಬದಲಾಯಿತು. ಮುಟ್ಟಿದ್ದನ್ನು ಅರಿಯುವ ಭಾಗ ಹೆಚ್ಚುಕಡಿಮೆ ಹಾಗೇ ಇತ್ತು.

ಎಲ್ಲರಿಗೂ ಇದು ಆಗಿಬರುವುದಿಲ್ಲ. ಶೇಕಡಾ 10ರಿಂದ 15ರಷ್ಟು ಜನ ಬಹಳ ಬೇಗ ಒಳಗಿಳಿಯುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಜನಕ್ಕೆ ಏನೂ ಅನಿಸುವುದಿಲ್ಲ, ಉಳಿದವರು ನಡುವೆ. ಏನೂ ಅನಿಸದವರ ಮನಸ್ಸು ದುರ್ಬಲ ಅಂತಲ್ಲ. ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ನಾನು ಕೊಟ್ಟೇ ಕೊಡುತ್ತೇನೆ. ಯಾರಿಗಾದರೂ ಇಲ್ಲದ ದನಿ ಕೇಳಿಸುತ್ತಿದ್ದರೆ ಹಿಪ್ನಾಟಿಸಂ ಮಾಡದೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಹೋದ ಜನ್ಮ ತೋರಿಸಿ, ಮರೆತದ್ದನ್ನು ಹೊರಗೆ ತೆಗೆಯಿರಿ ಎಂದು ಬರುವವರಿಗೆ ಖಂಡಿತ ಆಗುವುದಿಲ್ಲ ಅನ್ನುತ್ತೇನೆ. ಆ ಸ್ಥಿತಿಯಲ್ಲಿ ಕಲ್ಪನೆಯೂ ನೆನಪಿನಂತೆಯೇ ಗಟ್ಟಿಯಾಗಿ ಕೂತುಬಿಡುತ್ತದೆ. ನಡೆಯದೇ ಇದ್ದದ್ದನ್ನು ನಡೆದಿದೆ ಎಂದು ನಂಬಿಕೊಂಡರೆ ಮನೆಗಳೇ ಒಡೆಯುತ್ತವೆ.

ಸೆಟ್ಟು ಕೂರಿಸುವ ದಿನ ಯಜಮಾನರು ಒಬ್ಬರೇ ಬಂದರು. ಕುರ್ಚಿಯಲ್ಲಿ ಕೂತರು. ನಾನು ಚುಕ್ಕಿ ತೋರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು ಹೊಸೆಯಲು ಶುರುವಾಗಿತ್ತು.

"ನೀವು ನಿಮ್ಮ ಕೆಲ್ಸ ಮಾಡ್ರವ್ವ. ನಾನು ಸೈಡಿಗೆ ಹೋಗಿ ಬರ್ತೀನಿ" ಎಂದು ಕಣ್ಣು ಮುಚ್ಚಿದರು.