ಒತ್ತಿದರೂ ಕೇಳದ ಫೋನು

ಬುಡಕಟ್ಟು ಸಮುದಾಯದ ಹಿರಿಯರಿಗೆ ಫೋನಿನಲ್ಲಿ ಆರೋಗ್ಯದ ಮಾಹಿತಿ ಪಡೆಯುವುದನ್ನು ಕಲಿಸಲು ಹೊರಟಾಗ ನನ್ನ ಚೀಲದಲ್ಲಿ ಇ-ಹೀಲ್ಸ್ ಪ್ರಶ್ನಾವಳಿ ಇತ್ತು. 2006ರಲ್ಲಿ ನಾರ್ಮನ್ ಮತ್ತು ಸ್ಕಿನ್ನರ್ ಮಾಡಿದ್ದು. ಬರೀ 8 ಪ್ರಶ್ನೆ. ಇಂಟರ್ನೆಟ್‌ನಲ್ಲಿ ಮಾಹಿತಿ ಹುಡುಕಲು, ಅದು ಸರಿಯೋ ತಪ್ಪೋ ನೋಡಲು ನಿಮಗೆ ಬರುತ್ತದಾ ಅಂತ ಅವರನ್ನೇ ಕೇಳುತ್ತದೆ. ಎಲ್ಲರೂ ಎಲ್ಲದಕ್ಕೂ ಹೂಂ ಅಂದರು. ಮನೆಗೆ ಬಂದವಳಿಗೆ ಬೇಜಾರಾಗಬಾರದು, ಅಲ್ವಾ? ಹಾಳೆ ಮಡಚಿಟ್ಟೆ. 'ಒಂದ್ಸಲ ಮಾಡಿ ತೋರಿಸಿ' ಅಂತ ಫೋನ್ ಕೈಗೆ ಕೊಟ್ಟೆ.

ಒಬ್ಬ ಅಜ್ಜಿ ವಾಟ್ಸಾಪ್ ಗುರುತಿನ ಮೇಲೆ ನಾಲ್ಕು ಸಲ ಬೆರಳಿಟ್ಟರು. ತೆರೆಯಲಿಲ್ಲ. ಐದನೇ ಸಲ ಗಟ್ಟಿಯಾಗಿ ಒತ್ತಿ ಹಿಡಿದರು. ಗುರುತು ಜಾಗ ಬಿಟ್ಟು ಇನ್ನೆಲ್ಲೋ ಹೋಗಿ ಕೂತಿತು. 'ಅಯ್ಯೋ, ಕೆಡಿಸಿಬಿಟ್ಟೆ' ಅಂತ ಫೋನನ್ನು ನೆಲದ ಮೇಲಿಟ್ಟು ಹಿಂದೆ ಸರಿದರು.

ತಪ್ಪು ಅವರದಲ್ಲ. ಈ ಪರದೆಗಳು ಒತ್ತುವ ಬಲವನ್ನು ನೋಡುವುದಿಲ್ಲ. ಚರ್ಮದ ಮೂಲಕ ಹರಿಯುವ ಸಣ್ಣ ವಿದ್ಯುತ್ತನ್ನು ಗುರುತಿಸುತ್ತವೆ. ಜೀವನವಿಡೀ ದುಡಿದು ದಡ್ಡುಗಟ್ಟಿದ ಒಣ ಬೆರಳು ಅವಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆಗೆ ಬೆರಳು ತಾಗಿಸಿ ಮುಟ್ಟಿ ಅಂದೆ. ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಸಮಯವನ್ನು ಜಾಸ್ತಿ ಮಾಡಿದೆ. ವಾಟ್ಸಾಪ್ ತೆರೆಯಿತು. ಆವತ್ತಿನ ಪಾಠ ಅಷ್ಟೇ.

ಮುಂದಿನ ತೊಡಕು ಮಾತಿನದು. ಬಿಪಿಗೆ ಅವರ ಭಾಷೆಯಲ್ಲಿ ಪದವಿಲ್ಲ. ನಾನು 'ಒತ್ತಡ' ಅಂದರೆ ಎದೆ ಮುಟ್ಟಿಕೊಂಡು 'ಇಲ್ಲಿ ಏನೂ ಒತ್ತುತ್ತಿಲ್ಲ' ಅಂದರು. ಕೊನೆಗೆ ಅದೇ ಅಜ್ಜಿ, 'ತುಂಬಿದ ಹೊಳೆ ದಂಡೆಯನ್ನು ತಳ್ಳುತ್ತಲ್ಲ, ಹಾಗಾ?' ಅಂತ ಕೇಳಿದರು. ಹಾಗೇ! ಯಂತ್ರದಲ್ಲಿ ಬಿಪಿ ನೋಡಿಕೊಳ್ಳುವುದು ಹೇಗೆ ಅಂತ ನಾನು ಮಾಡಿದ್ದ ಎರಡು ನಿಮಿಷದ ಆಡಿಯೋವನ್ನು ಯಾರೂ ಪೂರ್ತಿ ಕೇಳಿರಲಿಲ್ಲ. ಅದನ್ನು ಅಳಿಸಿ, ಅಜ್ಜಿಯ ದನಿಯಲ್ಲೇ 40 ಸೆಕೆಂಡಿನದು ಮಾಡಿದೆವು. ಐದು ನಿಮಿಷ ಸುಮ್ನೆ ಕೂರಿ, ಬಟ್ಟೆಯ ಮೇಲೆ ಯಂತ್ರದ ಪಟ್ಟಿ ಸುತ್ತಬೇಡಿ, ತೋಳು ಎದೆಯ ಮಟ್ಟಕ್ಕಿರಲಿ, ನಡುವೆ ಮಾತಾಡಬೇಡಿ. ಓದಲು ಬಾರದವರು ಯಂತ್ರದ ಪರದೆಯ ಫೋಟೋ ಕಳಿಸಿದರೆ ಸಾಕು ಅಂದೆ. ಅಂಕಿ ಓದುವುದು ನನ್ನ ಕೆಲಸ.

ಫೋನ್ ಹೆಚ್ಚಾಗಿ ಮೊಮ್ಮಕ್ಕಳದ್ದು. ಹಾಗಾಗಿ ಮುಚ್ಚಿಟ್ಟುಕೊಳ್ಳುವಂಥ ಕಾಯಿಲೆಯ ವಿಷಯವನ್ನು ನಾನು ಆಡಿಯೋದಲ್ಲಿ ಕಳಿಸುವುದೇ ಇಲ್ಲ, ಎದುರಿಗೇ ಹೇಳುತ್ತೇನೆ.

ಸುಳ್ಳು ಸುದ್ದಿಗೆ ಇವರು ಬೇಗ ಬೀಳುತ್ತಾರೆ ಅನ್ನುವ ಭಯ ನನಗೂ ಇತ್ತು. ಒಂದಿನ ಬಿಪಿ ಮಾತ್ರೆ ನಿಲ್ಲಿಸಿ ಅನ್ನುವ ಆಡಿಯೋ ಬಂತು. ಪಕ್ಕದಲ್ಲಿ ಎರಡು ಬಾಣದ ಗುರುತು, ಅಂದರೆ ತುಂಬಾ ಕೈ ದಾಟಿ ಬಂದದ್ದು. ನಾನು ಅದನ್ನು ವಿವರಿಸುವ ಮೊದಲೇ ಒಬ್ಬ ತಾತ ಕೇಳಿದರು, 'ಇದು ಯಾರ ದನಿ? ಯಾರ ಮಗ?' ಬಾಯಿಂದ ಬಾಯಿಗೆ ಬಂದ ಮಾತನ್ನೇ ನಂಬಿ ಬದುಕಿದವರು. ಹೇಳಿದವರು ಯಾರು ಅಂತ ಕೇಳದೆ ಅವರು ಏನನ್ನೂ ಒಪ್ಪುವುದಿಲ್ಲ. ಬಾಣದ ಗುರುತು ತೋರಿಸಿ, ಇದಕ್ಕೆ ಅಪ್ಪ-ಅಮ್ಮ ಗೊತ್ತಿಲ್ಲ ಅಂದೆ. ಎಲ್ಲರೂ ನಕ್ಕರು.

ಮುಂದಿನ ವಾರ ನಾನೇ ಸಕ್ಕರೆ ಕಾಯಿಲೆಯ ಬಗ್ಗೆ ಒಬ್ಬ ಹೆಂಗಸು ಮಾತಾಡುವ ವಿಡಿಯೋ ಕಳಿಸಿದೆ. ತಾತನ ಆಡಿಯೋ ಬಂತು: 'ಇವಳು ಯಾರು? ನೀನು ಇವಳನ್ನು ನೋಡಿದ್ದೀಯಾ?'

ನಾನು ನೋಡಿರಲಿಲ್ಲ.